ಹಳೇ ಚೇತಕ್‌ಗೆ ಗಟ್ಟಿ ಕ್ಯಾರಿಯರ್: ಬಾಡಿ ಬಿರಿಯದಂತೆ ಕಟ್ಟುವುದು ಹೇಗೆ?

ಕ್ಯಾರಿಯರ್ ಹಾಕಿಸಿಕೊಂಡ ಹಳೇ ಬಜಾಜ್ ಚೇತಕ್ ಕಂಡರೆ ಸೀಟಿನ ಹಿಂಭಾಗಕ್ಕೆ ಒಮ್ಮೆ ಕಣ್ಣು ಹಾಯಿಸಿ. ಬೋಲ್ಟಿನ ಸುತ್ತ ಬಣ್ಣ ನಕ್ಷತ್ರದ ಹಾಗೆ ಬಿರಿದು, ಬಿರುಕಿನಿಂದ ತುಕ್ಕಿನ ಗೆರೆ ಕೆಳಗಿಳಿದಿರುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಕ್ಯಾರಿಯರ್ ಅನ್ನು ಬಾಡಿಗೇ ವೆಲ್ಡ್ ಮಾಡಿಸಿರುತ್ತಾರೆ. ಅಲ್ಲಿ ಬಿರುಕು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ.

ಕಾರಣ ಗಾಡಿಯ ಕಟ್ಟಡದಲ್ಲೇ ಇದೆ. ಮೋಟಾರ್‌ಸೈಕಲ್ಲಿಗೆ ಪೈಪಿನ ಚಾಸಿ ಇರುತ್ತದೆ. ಕ್ಯಾರಿಯರ್ ಅದಕ್ಕೆ ಕೂರುತ್ತದೆ. 1972ರಲ್ಲಿ ಬಂದ ಚೇತಕ್ (2020ರ ಎಲೆಕ್ಟ್ರಿಕ್ ಚೇತಕ್ ಅಲ್ಲ) ವೆಸ್ಪಾ ಮನೆತನದ್ದು. ಅದಕ್ಕೆ ಬೇರೆ ಚಾಸಿಯೇ ಇಲ್ಲ. ಒತ್ತಿ ಬಾಗಿಸಿ ಬೆಸೆದ ತಗಡೇ ಚಾಸಿ, ಅದೇ ಬಾಡಿ. ಎರಡು ಮಿ.ಮೀ. ದಪ್ಪವೂ ಇಲ್ಲದ ಆ ತಗಡು ಅಗಲವಾಗಿ ಹರಡಿದ ಭಾರವನ್ನು ಚೆನ್ನಾಗಿ ತಡೆಯುತ್ತದೆ. ಅದೇ ಭಾರ ಒಂದು ಬೋಲ್ಟಿನ ರಂಧ್ರದ ಮೇಲೆ ಬಿದ್ದರೆ ತಡೆಯುವುದಿಲ್ಲ. ಹಾಗಾಗಿ ಕ್ಯಾರಿಯರ್ ಎಷ್ಟು ದಪ್ಪ ಎನ್ನುವುದಕ್ಕಿಂತ ಅದು ಬಾಡಿಗೆ ಹೇಗೆ ಕೂರುತ್ತದೆ ಎನ್ನುವುದೇ ಮುಖ್ಯ.

ಮೊದಲು ಭಾರದ ಜಾಗ ತೀರ್ಮಾನಿಸಿ

ಚೇತಕ್‌ನ ಎಂಜಿನ್ ಬಲಗಡೆ. ಗಾಡಿಯ ತೂಕ ಮೊದಲೇ ಬಲಕ್ಕೂ ಹಿಂದಕ್ಕೂ ಜಾಸ್ತಿ. ಅದರ ಮೇಲೆ ಹಿಂದಿನ ಚಕ್ರದ ಅಚ್ಚಿನಿಂದ 50 ಸೆಂ.ಮೀ. ಆಚೆಗೆ 20 ಕೆ.ಜಿ. ಇಟ್ಟರೆ ಏನಾಗುತ್ತದೆ? ಎರಡು ಚಕ್ರಗಳ ನಡುವೆ ಇರುವುದು ಸುಮಾರು 1.2 ಮೀಟರ್. ಲೆಕ್ಕ ಹಾಕಿದರೆ ಮುಂದಿನ ಚಕ್ರದ ಮೇಲಿಂದ 8 ಕೆ.ಜಿ. ಕಳೆಯುತ್ತದೆ, ಹಿಂದಿನ ಚಕ್ರದ ಮೇಲೆ 28 ಕೆ.ಜಿ. ಕೂರುತ್ತದೆ. ಲೋಡ್ ಹಾಕಿದಾಗ ಹ್ಯಾಂಡಲ್ ಅಲುಗುವುದು, ಮಳೆಯಲ್ಲಿ ಮುಂದಿನ ಚಕ್ರ ಜಾರುವುದು ಇದರಿಂದಲೇ.

ಆದ್ದರಿಂದ ಭಾರದ ಸಾಮಾನಿಗೆ (ಅಕ್ಕಿ ಮೂಟೆ, ಸಿಲಿಂಡರ್, ಬ್ಯಾಟರಿ) ಫುಟ್‌ಬೋರ್ಡೇ ಜಾಗ. ಹಿಂದಿನ ಕ್ಯಾರಿಯರ್ ಹಗುರವಾದ, ಗಾತ್ರ ದೊಡ್ಡದಾದ ಸಾಮಾನಿಗೆ ಮಾತ್ರ. ಕ್ರೇಟಿನ ತೂಕವೂ ಸೇರಿ 20 ಕೆ.ಜಿ. ದಾಟಿಸಬೇಡಿ. ಪಕ್ಕಕ್ಕೆ ಚೀಲ ತೂಗುಹಾಕುವುದಾದರೆ ಎಡಗಡೆಗೆ ಹಾಕಿ, ಆದರೆ ಡಿಕ್ಕಿಯ ಬಾಗಿಲು ತೆರೆಯುವಂತಿರಲಿ. ಬಲಗಡೆ ಏನೂ ಬೇಡ. ಎಂಜಿನ್ ಕವರ್ ಬಿಚ್ಚದೆ ಸ್ಪಾರ್ಕ್ ಪ್ಲಗ್ ಕೈಗೆ ಸಿಗುವುದಿಲ್ಲ. ಕಿಕ್ಕರ್ ಕೂಡ ಅದೇ ಕಡೆ.

ಸಾಮಾನು

19 ಮಿ.ಮೀ. (ಮುಕ್ಕಾಲು ಇಂಚು) ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪ್, 16 ಗೇಜ್ (ಸುಮಾರು 1.6 ಮಿ.ಮೀ. ದಪ್ಪ), 2 ಮೀಟರ್. 25×5 ಮಿ.ಮೀ. ಪಟ್ಟಿ 70 ಸೆಂ.ಮೀ., 25×3 ಪಟ್ಟಿ ಒಂದೂವರೆ ಮೀಟರ್. ಬಾಡಿಯ ಒಳಗಡೆ, ಬೋಲ್ಟಿನ ತಲೆಯ ಅಡಿಗೆ ಕೂರುವ ಪ್ಲೇಟಿಗೆ 3 ಮಿ.ಮೀ. ಶೀಟಿನ ತುಂಡು. 8 ಮಿ.ಮೀ. ಬೋಲ್ಟು, ತಲೆಯ ಮೇಲೆ 8.8 ಎಂದು ಅಚ್ಚು ಇರುವಂಥದ್ದು, ಜೊತೆಗೆ ನೈಲಾನ್ ಬಳೆ ಇರುವ ನಟ್ಟು. ರೆಡ್ ಆಕ್ಸೈಡ್ (ತುಕ್ಕು ತಡೆಯುವ ಪ್ರೈಮರ್), ಒಂದು ಹಳೇ ಟ್ಯೂಬು. ಬೆಂಗಳೂರಿನವರಿಗೆ ಸ್ಟೆಪ್ನಿ (ಗಾಡಿಯ ಹಿಂದೆ ಕೂರುವ ಹೆಚ್ಚುವರಿ ಚಕ್ರ) ಬ್ರಾಕೆಟ್, ಅದರ ಬೋಲ್ಟುಗಳೆಲ್ಲ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತವೆ.

ಜಿ.ಐ. ಪೈಪ್ ತುಕ್ಕು ಹಿಡಿಯುವುದಿಲ್ಲವೆಂದು ಕೆಲವರು ಅದನ್ನೇ ತರುತ್ತಾರೆ. ಬೇಡ. ಸತುವಿನ ಲೇಪ ಸುಟ್ಟಾಗ ಬರುವ ಹೊಗೆ ವೆಲ್ಡ್ ಮಾಡುವವರ ಎದೆಗೆ ಕೆಟ್ಟದ್ದು, ಬೆಸುಗೆಯೂ ಗುಳ್ಳೆಗುಳ್ಳೆಯಾಗಿ ಕೂರುತ್ತದೆ. ಅಕ್ಸೆಸರಿ ಅಂಗಡಿಯ ಫಳಫಳ ಕ್ರೋಮ್ ಕ್ಯಾರಿಯರ್ ಕೂಡ ಬೇಡ. ಅವುಗಳಲ್ಲಿ ಬಹುಪಾಲು ತೆಳು ಪೈಪಿನವು. ಕೂರುವ ಜಾಗದಲ್ಲಿ ಬೆರಳಗಲದ ಪಟ್ಟಿಯೊಂದೇ ಇರುತ್ತದೆ, ಒಳಗೆ ಹಾಕಲು ಪ್ಲೇಟನ್ನೇ ಕೊಡುವುದಿಲ್ಲ.

ಆಕಾರ

ಪಕ್ಕದಿಂದ ನೋಡಿದರೆ ಕ್ಯಾರಿಯರ್ ತಲೆಕೆಳಗಾದ 'ಎಲ್' ಅಕ್ಷರದಂತಿರಬೇಕು. ಎರಡು ಪೈಪು ಬಾಡಿಗೂ ಸ್ಟೆಪ್ನಿಗೂ ನಡುವಿನ ಸಂದಿಯಲ್ಲಿ ಮೇಲೇರಿ, ಸ್ಟೆಪ್ನಿ ಟೈರಿನ ಮೇಲೆ ಹಿಂದಕ್ಕೆ ಬಾಗುತ್ತವೆ. ಪೈಪುಗಳ ನಡುವೆ 22 ಸೆಂ.ಮೀ. ಮೇಲಿನ ಹಲಗೆಯ ಭಾಗ 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 25×3 ಪಟ್ಟಿ ನಾಲ್ಕು ಅಡ್ಡಕ್ಕೆ. ಟೈರಿಗೂ ಪೈಪಿಗೂ ಮೂರು ಬೆರಳಿನಷ್ಟು ಜಾಗವಿರಲಿ, ಇಲ್ಲದಿದ್ದರೆ ಪಂಕ್ಚರ್ ಆದ ದಿನ ಸ್ಟೆಪ್ನಿ ಈಚೆಗೆ ಬರುವುದಿಲ್ಲ. ಸ್ಟೆಪ್ನಿಯನ್ನೇ ಮನೆಯಲ್ಲಿಟ್ಟು ಆ ಜಾಗಕ್ಕೆ ಕ್ಯಾರಿಯರ್ ಹಾಕುವುದು ಅಡ್ಡದಾರಿ; ಲೋಡ್ ಹೊರುವ ಗಾಡಿಗೇ ಸ್ಟೆಪ್ನಿ ಹೆಚ್ಚು ಬೇಕು.

ಸೀಟು ಹಿಂದಿನಿಂದ ಮೇಲೆದ್ದು ಮುಂದಕ್ಕೆ ತೆರೆಯುತ್ತದೆ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಅದರ ಕೆಳಗೇ ಇದೆ. ಹಾಗಾಗಿ ಕ್ಯಾರಿಯರ್ ಸೀಟಿನ ಹಿಂದಿನ ಅಂಚಿನ ಮೇಲೆ ಚಾಚಬಾರದು, ಬೀಗಕ್ಕೂ ಅಡ್ಡ ಬರಬಾರದು.

ಪೈಪನ್ನು ಬೆಂಡಿಂಗ್ ಮೆಷಿನ್ ಇರುವ ಫ್ಯಾಬ್ರಿಕೇಷನ್ ಅಂಗಡಿಯಲ್ಲೇ ಬಗ್ಗಿಸಿಕೊಳ್ಳಿ. ಮನೆಯಲ್ಲೇ ಕಾಯಿಸಿ ಬಗ್ಗಿಸುವವರು ಒಳಗೆ ತುಂಬುವ ಮರಳು ಪೂರ್ತಿ ಒಣಗಿರಬೇಕು. ಹಸಿ ಮರಳಿನ ನೀರು ಆವಿಯಾಗಿ ಬಿರಡೆಯನ್ನು ಗುಂಡಿನಂತೆ ಹಾರಿಸುತ್ತದೆ.

ಬಾಡಿಗೆ ಕೂರಿಸುವುದು: ಅರ್ಧ ದಿನ ಇದಕ್ಕೇ ಇಡಿ

ಕೂರುವ ಜಾಗ ಎರಡು ಮಟ್ಟದಲ್ಲಿರಬೇಕು. ಕೆಳಗಿನದು ಸ್ಟೆಪ್ನಿ ಬ್ರಾಕೆಟ್ಟಿನ ಬೋಲ್ಟುಗಳು, ಮೇಲಿನದು ಸೀಟಿನ ಅಂಚಿಗಿಂತ 3–4 ಸೆಂ.ಮೀ. ಕೆಳಗೆ ನೀವು ಕೊರೆಯುವ ಎರಡು ಹೊಸ ರಂಧ್ರ. ಎರಡು ಮಟ್ಟಗಳ ಅಂತರ 18ರಿಂದ 20 ಸೆಂ.ಮೀ. ಬರುವಂತೆ ನೋಡಿಕೊಳ್ಳಿ. ಬಾಡಿಯಿಂದ 30 ಸೆಂ.ಮೀ. ದೂರದಲ್ಲಿ 20 ಕೆ.ಜಿ. ಇದೆ ಎಂದುಕೊಳ್ಳಿ. ಬೋಲ್ಟುಗಳು ಮೇಲೆ ಕೆಳಗೆ 6 ಸೆಂ.ಮೀ. ಅಂತರದಲ್ಲಿದ್ದರೆ ಮೇಲಿನ ಬೋಲ್ಟುಗಳನ್ನು ಎಳೆಯುವ ಬಲ 100 ಕೆ.ಜಿ.ಯಷ್ಟು. 20 ಸೆಂ.ಮೀ. ಅಂತರವಿದ್ದರೆ ಅದೇ ಬಲ 30ಕ್ಕೆ ಇಳಿಯುತ್ತದೆ. ಇದು ಗಾಡಿ ನಿಂತಿರುವಾಗಿನ ಲೆಕ್ಕ. ಗುಂಡಿಗೆ ಬಿದ್ದಾಗ ಎರಡು ಪಟ್ಟು ಆಗುವುದು ಸಾಮಾನ್ಯ. ಸೀಟಿನ ಕೆಳಗಿನ ಬೋಲ್ಟುಗಳನ್ನಷ್ಟೇ ನಂಬಿದ ಕ್ಯಾರಿಯರ್‌ಗಳು ಬಾಡಿಯನ್ನು ಬಿರಿಸುವುದು ಈ ಕಾರಣಕ್ಕೆ.

ಈಗ ವಕ್ರತೆಯ ವಿಷಯ. ಚೇತಕ್‌ನ ಹಿಂಭಾಗ ಚಪ್ಪಟೆಯಲ್ಲ, ಉಬ್ಬಿದೆ. ಉಬ್ಬಿನ ಮೇಲೆ ಚಪ್ಪಟೆ ಪಟ್ಟಿ ಇಟ್ಟು ನಟ್ಟು ಬಿಗಿದರೆ ಪಟ್ಟಿ ಬಾಗುವುದಿಲ್ಲ, ತಗಡು ಬಾಗುತ್ತದೆ. ಗಾಡಿ ಓಡುವಾಗ ಆ ತಗಡು ಹಿಂದೆ ಮುಂದೆ ಆಡಿ ಆಡಿ ವಾಷರಿನ ಅಂಚಿನಲ್ಲಿ ಸೀಳುತ್ತದೆ. ಆದ್ದರಿಂದ ಬಾಡಿಗೆ ಒರಗುವ 25×5 ಪಟ್ಟಿಯನ್ನೂ (ಮೇಲಿನ ಮಟ್ಟಕ್ಕೊಂದು, ಕೆಳಗಿನದಕ್ಕೊಂದು) ಒಳಗಿನ ಪ್ಲೇಟನ್ನೂ ಬಾಡಿಯ ಉಬ್ಬಿಗೆ ಸರಿಯಾಗಿ ಬಗ್ಗಿಸಲೇಬೇಕು. ಮನೆಯ ವೈರಿಂಗಿನ ದಪ್ಪ ತಾಮ್ರದ ತಂತಿಯನ್ನು ಬಾಡಿಗೆ ಒತ್ತಿ ಆಕಾರ ತೆಗೆಯಿರಿ. ಪಟ್ಟಿಯನ್ನು ವೈಸಿನಲ್ಲಿ ಹಿಡಿದು ಆ ತಂತಿಗೆ ಹೋಲುವಂತೆ ಸಣ್ಣಸಣ್ಣ ಏಟಿನಲ್ಲಿ ಬಗ್ಗಿಸಿ. ಬಾಡಿಗೆ ಸೀಮೆಸುಣ್ಣ ಬಳಿದು, ಪಟ್ಟಿಯನ್ನು ಒತ್ತಿ ತೆಗೆದು ನೋಡಿ. ಸುಣ್ಣ ಎರಡು ತುದಿಗೆ ಮಾತ್ರ ಅಂಟಿದ್ದರೆ ಬಾಗು ಹೆಚ್ಚಾಗಿದೆ. ನಡುವೆ ಮಾತ್ರ ಅಂಟಿದ್ದರೆ ಸಾಲದು. ಉದ್ದಕ್ಕೂ ಅಂಟುವವರೆಗೆ ತಿದ್ದಿ. ಬೇಸರದ ಕೆಲಸ, ಆದರೆ ಕ್ಯಾರಿಯರ್ ಬಾಳಿಕೆ ಬರುವುದು ಇಲ್ಲಿಂದಲೇ.

ರಂಧ್ರ ಕೊರೆಯುವ ಮೊದಲು ಸೀಟು, ಟ್ಯಾಂಕ್ ಎರಡನ್ನೂ ಬಿಚ್ಚಿ ದೂರ ಇಡಿ. ಟ್ಯಾಂಕ್ ಖಾಲಿಯಿದೆ ಎಂದು ಅಲ್ಲೇ ಬಿಡಬೇಡಿ. ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ. ತಗಡಿನ ಜೋಡಣೆ ಗೆರೆಯಿಂದ 2 ಸೆಂ.ಮೀ. ಆದರೂ ಸರಿದು ಪಂಚ್ ಹೊಡೆದು, ಮೊದಲು 4 ಮಿ.ಮೀ., ಆಮೇಲೆ 8.5 ಮಿ.ಮೀ. ಬಿಟ್ ಹಾಕಿ. ರಂಧ್ರದ ಅಂಚಿನ ಮುಳ್ಳನ್ನು ಅರದಿಂದ ತೆಗೆದು ಕೂಡಲೇ ರೆಡ್ ಆಕ್ಸೈಡ್ ಮುಟ್ಟಿಸಿ.

ಒಳಗಿನ ಪ್ಲೇಟು ಪ್ರತಿ ಬೋಲ್ಟಿಗೆ ಒಂದರಂತೆ ಬಿಡಿಬಿಡಿಯಾಗಿ ಬೇಡ. ಎರಡು ಬೋಲ್ಟಿಗೂ ಸೇರಿ ಒಂದೇ ಉದ್ದನೆಯ ಪ್ಲೇಟ್, 6 ಸೆಂ.ಮೀ. ಎತ್ತರದ್ದು. ಮೂಲೆಗಳನ್ನು ದುಂಡಗೆ ಮಾಡಿ, ಚೂಪು ಮೂಲೆಯಿಂದ ಹೊಸ ಬಿರುಕು ಹುಟ್ಟುತ್ತದೆ. ಹಿಂದಿನ ಚಕ್ರ ಬಿಚ್ಚಿದರೆ ಕೆಳಗಿನ ಬೋಲ್ಟುಗಳಿಗೆ ಕೈ ಹೋಗುತ್ತದೆ. ಬೋಲ್ಟಿನ ತಲೆ ಒಳಗೆ, ನಟ್ಟು ಹೊರಗೆ ಇರಲಿ. ಉಲ್ಟಾ ಹಾಕಿದರೆ ಬೋಲ್ಟಿನ ಮರೆ (ಥ್ರೆಡ್) ಇರುವ ತುದಿ ಚಕ್ರದ ಕಡೆ ಚಾಚಿ, ಲೋಡ್ ಬಿದ್ದು ಬಾಡಿ ತಗ್ಗಿದಾಗ ಟೈರನ್ನು ಕೊಯ್ಯುತ್ತದೆ. ಕೆಳಗಿನ ಪಟ್ಟಿ ಬಾಡಿಗೂ ಬ್ರಾಕೆಟ್ಟಿಗೂ ನಡುವೆ ಕೂರುವುದರಿಂದ, ಒಳಪ್ಲೇಟಿನ ದಪ್ಪವೂ ಸೇರಿ, ಹಳೇ ಬೋಲ್ಟಿಗಿಂತ 10 ಮಿ.ಮೀ. ಉದ್ದದ್ದು ಬೇಕು.

ಬಾಡಿಗೂ ಪಟ್ಟಿಗೂ ನಡುವೆ ಸ್ಕೂಟರ್ ಟ್ಯೂಬಿನ ಒಂದೇ ಪದರ ಹಾಕಿ, ಬಣ್ಣ ಉಜ್ಜದಿರಲೆಂದು. ದಪ್ಪ ರಬ್ಬರ್ ಹಾಕಿದರೆ ಅದು ದಿನೇದಿನೇ ಕುಗ್ಗಿ ನಟ್ಟು ಸಡಿಲವಾಗುತ್ತದೆ.

ವೆಲ್ಡಿಂಗ್

ಗಾಡಿಯ ಮೇಲೆ ಇಟ್ಟು ವೆಲ್ಡ್ ಮಾಡಿಸಬೇಡಿ. ಟ್ಯಾಂಕಿನ ಜಾಗ ಪಕ್ಕದಲ್ಲೇ ಇದೆ, ಕರೆಂಟು ಬೇರಿಂಗುಗಳ ಮೂಲಕ ಹರಿದರೆ ಅವೂ ಕೆಡುತ್ತವೆ. ಪಟ್ಟಿಗಳನ್ನು ಗಾಡಿಗೆ ಬೋಲ್ಟ್ ಮಾಡಿ, ಅವುಗಳ ನಡುವಿನ ಅಂತರ, ಓರೆ ಎಲ್ಲವನ್ನೂ ದಪ್ಪ ಪ್ಲೈವುಡ್ಡಿಗೆ ಇಳಿಸಿಕೊಳ್ಳಿ. ಪಟ್ಟಿಗಳನ್ನು ಪ್ಲೈವುಡ್ಡಿಗೆ ಬಿಗಿದು, ಪೈಪ್ ಜೋಡಿಸಿ ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಮಾತ್ರ ಹಾಕಿಸಿ. ಒಮ್ಮೆ ಗಾಡಿಗೆ ಹಾಕಿ ನೋಡಿ, ಸರಿಬಂದರೆ ಮಾತ್ರ ಕೆಳಗಿಳಿಸಿ ಪೂರ್ತಿ ಬೆಸುಗೆ. 2.5 ಮಿ.ಮೀ. ರಾಡಿಗೆ 60–70 ಆಂಪಿಯರ್ ಸಾಕು. ಹೆಚ್ಚಿಟ್ಟರೆ 16 ಗೇಜ್ ಪೈಪ್ ತೂತಾಗುತ್ತದೆ. ಎಡಗಡೆ ಒಂದು, ಬಲಗಡೆ ಒಂದು ಎಂದು ಬದಲಿಸುತ್ತ ಹೋಗಬೇಕು. ಒಂದೇ ಕಡೆ ಬೆಸೆದರೆ ಶಾಖಕ್ಕೆ ಎಳೆದು ರಂಧ್ರಗಳು ಎರಡು ಮೂರು ಮಿ.ಮೀ. ಸರಿಯುತ್ತವೆ. ಸರಿದ ರಂಧ್ರಕ್ಕೆ ಬೋಲ್ಟನ್ನು ಸುತ್ತಿಗೆಯಿಂದ ಹೊಡೆದು ತುರುಕಬೇಡಿ. ಆ ಎಳೆತ ಬಾಡಿಯಲ್ಲೇ ಉಳಿದುಬಿಡುತ್ತದೆ. ಮೇಲಿನ ಪಟ್ಟಿಯ ರಂಧ್ರಗಳನ್ನು ಮೊದಲೇ ಅಡ್ಡಕ್ಕೆ ಉದ್ದ ಮಾಡಿಟ್ಟರೆ ಈ ತೊಂದರೆಯೇ ಇಲ್ಲ. ಪೈಪಿನ ಬಾಗಿನ ಒಳಮೂಲೆಗೆ 5 ಸೆಂ.ಮೀ. ತ್ರಿಕೋನದ ತುಂಡು ಒಂದೊಂದು ಬೆಸೆಯಿಸಿ. ಪೈಪಿನ ತುದಿಗಳನ್ನು ಮುಚ್ಚಿಸಿ, ನೀರು ಒಳಗೆ ಹೋಗದಿರಲಿ. ಆಮೇಲೆ ರೆಡ್ ಆಕ್ಸೈಡ್, ಬಣ್ಣ.

ಸಾಮಾನು ತುಂಬಲು ತರಕಾರಿಯವರ ಪ್ಲಾಸ್ಟಿಕ್ ಕ್ರೇಟ್ ಒಳ್ಳೆಯದು. ಟ್ರಂಕು ತೂಕ ಜಾಸ್ತಿ. ತಳದಲ್ಲಿ 4 ಸೆಂ.ಮೀ. ಚೌಕದ ಪ್ಲೇಟಿಟ್ಟು ನಾಲ್ಕು ಬೋಲ್ಟು. 2020ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ ದ್ವಿಚಕ್ರ ವಾಹನದ ಪೆಟ್ಟಿಗೆ 550 ಮಿ.ಮೀ. ಉದ್ದ, 510 ಅಗಲ, 500 ಎತ್ತರ ಮೀರಬಾರದು. ಹಿಂಬದಿ ಸವಾರರ ಜಾಗದಲ್ಲಿ ಇಟ್ಟರೆ ಚಾಲಕರೊಬ್ಬರೇ ಹೋಗಬೇಕು. ಹಿಂದಿನ ದೀಪ, ನಂಬರ್ ಪ್ಲೇಟ್ ಮುಚ್ಚುವಂತಿಲ್ಲ.

ಫುಟ್‌ಬೋರ್ಡಿನ ಹಲಗೆ

ಇದು ಸುಲಭ, ಖರ್ಚೂ ಕಡಿಮೆ. 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್, 25×30 ಸೆಂ.ಮೀ. ಕೆಳಗೆ ಎರಡು ಮರದ ರೀಪು, ಫುಟ್‌ಬೋರ್ಡಿನ ನಡುವಿನ ಉಬ್ಬಿನ ಎರಡೂ ಕಡೆ ಕೂರುವಂತೆ, ಉಬ್ಬಿಗಿಂತ ಸ್ವಲ್ಪ ಎತ್ತರದ್ದು. ಆ ಉಬ್ಬಿಗೆ ಮಾತ್ರ ಡ್ರಿಲ್ ಮುಟ್ಟಿಸಬೇಡಿ. ಗೇರ್, ಕ್ಲಚ್ ಕೇಬಲ್ಲುಗಳೂ ವೈರಿಂಗೂ ಅದರೊಳಗೇ ಹೋಗುತ್ತವೆ. ಹಲಗೆಗೆ ಬೆಲ್ಟ್ ಪೋಣಿಸಲು ನಾಲ್ಕು ಸೀಳು ಕೊಟ್ಟು, ಅದರಿಂದ ಬಿಗಿದರೆ ಸಾಕು. ಬಲಗಡೆ ಬ್ರೇಕ್ ಪೆಡಲಿಗೆ ಪೂರ್ತಿ ಪಾದ ಇಡುವ ಜಾಗ ಬಿಡಿ. ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಸಾಮಾನಿಗೂ ಮೊಣಕಾಲಿಗೂ ತಾಗುತ್ತದೆಯೇ ನೋಡಿ.

ಭಾರ ಇಡುವ ಮೊದಲು ಗಾಡಿಯ ಅಡಿಯನ್ನು ಪರೀಕ್ಷಿಸಿ. ಅಡಿಯ ಅಡ್ಡಪಟ್ಟಿಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ. ಒಳಗೆ ಇಳಿದರೆ ತುಕ್ಕು ತಿಂದಿದೆ, ಅದನ್ನು ಸರಿಪಡಿಸುವವರೆಗೆ ಲೋಡ್ ಬೇಡ. ಮನೆಬಳಕೆಯ ತುಂಬಿದ ಸಿಲಿಂಡರ್ ಎಂದರೆ 14.2 ಕೆ.ಜಿ. ಗ್ಯಾಸಿಗೆ ಡಬ್ಬಿಯದೂ ಸೇರಿ ಸುಮಾರು 30 ಕೆ.ಜಿ.

ಕಟ್ಟುವುದು, ಓಡಿಸಿ ನೋಡುವುದು

ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗವನ್ನು ನಂಬಬೇಡಿ. ಕೊಕ್ಕೆ ನೆಟ್ಟಗಾಗಿ ಬಿಡುತ್ತದೆ, ಚಿಮ್ಮಿದರೆ ಕಣ್ಣಿಗೇ ಬರುತ್ತದೆ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದ ಹಗ್ಗ ಅದಕ್ಕಿಂತ ಎಷ್ಟೋ ಮೇಲು: ಜಾರುವುದಿಲ್ಲ, ಕಬ್ಬಿಣದ ತುದಿಯಿಲ್ಲ, ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ.

ಗಾಳಿ: ಮುಂದೆ 18 ಪೌಂಡ್, ಹಿಂದೆ ಒಬ್ಬರೇ ಇದ್ದರೆ 25, ಲೋಡ್ ಇದ್ದರೆ 35. ಲೋಡ್ ಹೇರುವಾಗ ಯಾರಾದರೂ ಹ್ಯಾಂಡಲ್ ಹಿಡಿದಿರಲಿ, ಸ್ಟ್ಯಾಂಡಿನ ಮೇಲಿರುವ ಗಾಡಿ ಹಿಂದಕ್ಕೆ ವಾಲುತ್ತದೆ.

ಮೊದಲ ಪರೀಕ್ಷೆಗೆ ನಿಜವಾದ ಸಾಮಾನು ಬೇಡ. ಕ್ಯಾನಿನಲ್ಲಿ 18 ಲೀಟರ್ ನೀರು ತುಂಬಿ ಕ್ರೇಟಿನಲ್ಲಿಟ್ಟು ಕಟ್ಟಿ, ಹೊರಡುವ ಮೊದಲು ಪ್ರತಿ ನಟ್ಟಿನಿಂದ ಪಟ್ಟಿಯವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಕೆಟ್ಟ ರಸ್ತೆಯಲ್ಲಿ ಹತ್ತು ಕಿ.ಮೀ., ವೇಗ 40 ಮೀರದಂತೆ. ವಾಪಸ್ ಬಂದಾಗ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಹಿಂದಿನ ಟೈರಿನ ಮೇಲೆ ಹೊಸ ಗೀಚು ಇದೆಯೇ ಎಂದೂ ನೋಡಿ.

ಆಮೇಲೆ ತಿಂಗಳಿಗೊಮ್ಮೆ ಪಟ್ಟಿಯ ಅಂಚನ್ನು ಒರೆಸಿ, ಟಾರ್ಚ್ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕು ಕಂಡರೆ ಅದರ ತುದಿಯಲ್ಲಿ 3 ಮಿ.ಮೀ. ರಂಧ್ರ ಕೊರೆಯಿರಿ, ಅಲ್ಲಿಗೆ ಅದು ಮುಂದೆ ಓಡುವುದು ನಿಲ್ಲುತ್ತದೆ. ಕ್ಯಾರಿಯರ್ ಬಿಚ್ಚಿ, ಬಿರುಕನ್ನು ಪೂರ್ತಿ ದಾಟುವಷ್ಟು ದೊಡ್ಡ ಪ್ಲೇಟನ್ನು, ಈ ಸಲ ಸುಣ್ಣದ ಗುರುತು ಇನ್ನಷ್ಟು ಚೆನ್ನಾಗಿ ಮೂಡುವಂತೆ ಬಗ್ಗಿಸಿ, ಒಳಗೆ ಹಾಕಿ.