ತೊಡೆಯ ಸಾರ್ಕೋಮಾ (ಮೃದು ಅಂಗಾಂಶದ ಕ್ಯಾನ್ಸರ್ ಗಡ್ಡೆ): ಚಿಕಿತ್ಸೆಯ ನಂತರದ ಎಂಆರ್‌ಐ ನಾನು ಓದುವ ಬಗೆ

ಗಡ್ಡೆ ಮರಳಿದೆಯೇ ಎಂದು ನೋಡುವ ಈ ಸ್ಕ್ಯಾನ್‌ಗೆ ಮುಂಚೆ ಆಪರೇಷನ್ ಗಾಯದ ಎರಡೂ ತುದಿಗೆ ಚಿತ್ರದಲ್ಲಿ ಗುರುತಾಗಿ ಕಾಣುವ ಒಂದೊಂದು ವಿಟಮಿನ್ ಇ ಕ್ಯಾಪ್ಸೂಲ್ ಅಂಟಿಸುತ್ತೇನೆ. ಗಾಯ ಪೂರ್ತಿ ಚಿತ್ರದೊಳಗೆ ಬಂದಿದೆಯೇ ಎಂದು ಆಗ ಖಾತ್ರಿಯಾಗುತ್ತದೆ. ರಿಕ್ವೆಸ್ಟ್ ಫಾರ್ಮಿನಲ್ಲಿ 'ಆಪರೇಷನ್ ಆಗಿದೆ' ಎಂದಷ್ಟೇ ಇದ್ದರೆ (ಬಹಳ ಸಲ ಅಷ್ಟೇ ಇರುತ್ತದೆ) ಸರ್ಜನ್‌ಗೆ ಫೋನ್ ಮಾಡಿ ಗಡ್ಡೆಯ ಬಗೆ, ರೇಡಿಯೇಷನ್ ಮುಗಿದ ದಿನ, ಫ್ಲಾಪ್ (ಗಾಯ ಮುಚ್ಚಲು ಬೇರೆಡೆಯಿಂದ ತಂದ ಸ್ನಾಯು) ಹಾಕಿದ್ದಾರೆಯೇ ಎಂದು ಕೇಳಿಕೊಳ್ಳುವುದೇ ಮೇಲು. ಹಳೆಯ ಸ್ಕ್ಯಾನ್ ಪಕ್ಕದಲ್ಲಿ ತೆರೆದಿರಲೇಬೇಕು.

ಸ್ಟಿರ್ ಚಿತ್ರದಲ್ಲಿ (ಕೊಬ್ಬನ್ನು ಕಪ್ಪಾಗಿಸಿ ನೀರನ್ನು ಬೆಳಗಿಸುವ ಬಗೆ) ಇಡೀ ತೊಡೆ ಬೆಳ್ಳಗೆ ಹೊಳೆಯುತ್ತದೆ. ಹೆದರಬೇಕಿಲ್ಲ. ಅದೇ ಜಾಗವನ್ನು ಟಿ1ರಲ್ಲಿ (ಕೊಬ್ಬು ಬಿಳಿಯಾಗಿ ಕಾಣುವ ಚಿತ್ರ) ನೋಡಿ: ಸ್ನಾಯುವಿನ ನಡುವಿನ ಕೊಬ್ಬಿನ ಎಳೆಗಳು ಕೆಡದೆ ಹಾದುಹೋಗಿದ್ದರೆ ಅದು ಊತ. ಬಿಳುಪಿನ ಅಂಚು ಸ್ಕೇಲ್ ಇಟ್ಟು ಗೆರೆ ಎಳೆದಂತೆ ನೇರವಾಗಿದ್ದು, ಚರ್ಮದಡಿಯ ಕೊಬ್ಬು, ಸ್ನಾಯು ಎರಡನ್ನೂ ಒಂದೇ ಮಟ್ಟದಲ್ಲಿ ಕತ್ತರಿಸಿದ್ದರೆ ಅದು ರೇಡಿಯೇಷನ್ ಫೀಲ್ಡಿನ ಅಂಚು. ಅಷ್ಟೇ ಉದ್ದಕ್ಕೆ ಎಲುಬಿನ ಮಜ್ಜೆಯೂ ಕೊಬ್ಬಾಗಿ ಟಿ1ರಲ್ಲಿ ಬಿಳಿಯಾಗಿದ್ದರೆ ಅನುಮಾನವೇ ಬೇಡ.

ಎಳೆಗಳನ್ನು ತಳ್ಳಿಯೋ ಅಳಿಸಿಯೋ ಒಂದು ಗಂಟು ಕಂಡರೆ ಮಾತ್ರ ಪ್ರಶ್ನೆ ಏಳುತ್ತದೆ. ಇಲ್ಲಿ ಕಾಂಟ್ರಾಸ್ಟ್ (ರಕ್ತನಾಳಕ್ಕೆ ಕೊಡುವ, ಗ್ಯಾಡೋಲಿನಿಯಂ ಇರುವ ಮದ್ದು) ಇಲ್ಲದೆ ತೀರ್ಪು ಕೊಡಬಾರದು. ಸೆರೋಮಾ (ಆಪರೇಷನ್ ಜಾಗದಲ್ಲಿ ಕೂಡುವ ದ್ರವ) ಟಿ2ರಲ್ಲಿ (ನೀರು ಬಿಳಿಯಾಗಿ ಕಾಣುವ ಚಿತ್ರ) ನೀರಿನ ಹಾಗೆ ಹೊಳೆಯುತ್ತದೆ, ಲೋಳೆಯಂಥ ಅಂಶ ತುಂಬಿದ ಮಿಕ್ಸಾಯ್ಡ್ ಗಡ್ಡೆಯೂ ಹಾಗೇ ಹೊಳೆಯುತ್ತದೆ. ಕಾಂಟ್ರಾಸ್ಟ್ ಕೊಟ್ಟಾಗ ಸೆರೋಮಾದ ತೆಳು ಗೋಡೆ ಮಾತ್ರ ಬೆಳಗುತ್ತದೆ. ಗೋಡೆಗೆ ಅಂಟಿ ಒಳಕ್ಕೆ ಚಾಚಿದ ಗಂಟು ಬೆಳಗಿದರೆ ಬಯಾಪ್ಸಿಗೆ ಹೇಳುತ್ತೇನೆ. ಹೆಪ್ಪುಗಟ್ಟಿದ ರಕ್ತ ಟಿ1ರಲ್ಲಿ ಮೊದಲೇ ಬಿಳಿಯಾಗಿರುವುದರಿಂದ ಮೋಸ ಮಾಡುತ್ತದೆ, ಕಾಂಟ್ರಾಸ್ಟ್ ನಂತರದ ಚಿತ್ರದಿಂದ ಮುಂಚಿನದನ್ನು ಕಳೆದ ಸಬ್‌ಟ್ರ್ಯಾಕ್ಷನ್ ಚಿತ್ರ ಬೇಕು. ಅದಕ್ಕೆ ಕಾಲು ಅಲುಗಬಾರದು. ಮೊದಲೇ ಪಟ್ಟಿ ಕಟ್ಟಿಸಿ.

ಕಾಂಟ್ರಾಸ್ಟ್ ಹರಿಯುವಾಗ ಒಂದರ ಹಿಂದೊಂದು ತೆಗೆಯುವ ಡೈನಾಮಿಕ್ ಸರಣಿಯಲ್ಲಿ ರಕ್ತನಾಳದ ಬೆನ್ನಿಗೇ, ಕೆಲವೇ ಸೆಕೆಂಡುಗಳಲ್ಲಿ ಗಂಟು ಬೆಳಗಿದರೆ ಗಡ್ಡೆಯ ಅನುಮಾನ ಬಲವಾಗುತ್ತದೆ. ಹಳೆಯ ಗಾಯದ ಕಲೆ ನಿಧಾನಕ್ಕೆ ಬೆಳಗುತ್ತದೆ. ಆದರೆ ಆಪರೇಷನ್ ಆದ ಮೊದಲ ಕೆಲವು ತಿಂಗಳು ಮಾಯುತ್ತಿರುವ ಅಂಗಾಂಶವೂ ಬೇಗ ಬೆಳಗುವುದರಿಂದ ಆ ಅವಧಿಯಲ್ಲಿ ಬೆಳಗುವ ವೇಗದ ಕರ್ವ್ ಒಂದನ್ನೇ ನಾನು ನಂಬುವುದಿಲ್ಲ.

ಲೋಹದ ಕ್ಲಿಪ್ ಇದ್ದ ಕಡೆ ಫ್ಯಾಟ್ ಸ್ಯಾಟ್ (ಕೊಬ್ಬಿನ ಹೊಳಪು ಅಡಗಿಸುವ ತಂತ್ರ) ಕೆಡುತ್ತದೆ ಎಂದು ಕಾಂಟ್ರಾಸ್ಟ್ ಆದಮೇಲೂ ಸ್ಟಿರ್ ತೆಗೆಯುವವರಿದ್ದಾರೆ. ಸ್ಟಿರ್ ಕೊಬ್ಬಿನ ಜೊತೆ ಗ್ಯಾಡೋಲಿನಿಯಂನ ಹೊಳಪನ್ನೂ ಅಳಿಸಿಬಿಡಬಹುದು. ಅಲ್ಲಿ ನೀರು, ಕೊಬ್ಬನ್ನು ಬೇರ್ಪಡಿಸುವ ಡಿಕ್ಸನ್ ತಂತ್ರ ವಾಸಿ.

ಫ್ಲಾಪ್‌ನ ಸ್ನಾಯು ನರ ಕಡಿದದ್ದರಿಂದ ಮೊದಮೊದಲು ಟಿ2ರಲ್ಲಿ ಬೆಳ್ಳಗಾಗಿ ಕಾಂಟ್ರಾಸ್ಟನ್ನೂ ಹೀರುತ್ತದೆ, ಬರಬರುತ್ತ ಸೊರಗಿ ಕೊಬ್ಬಾಗುತ್ತದೆ. ಸ್ನಾಯುವಿನ ಗೆರೆಗಳು ಉಳಿದಿದ್ದರೆ ರಿಪೋರ್ಟಿನಲ್ಲಿ 'ಫ್ಲಾಪ್' ಎಂದೇ ಬರೆಯಿರಿ, 'ಗಡ್ಡೆಯನ್ನು ತಳ್ಳಿಹಾಕಲಾಗದು' ಎಂದಲ್ಲ.