ಸಮಾಜ ವಿಜ್ಞಾನದ ಮೊದಲ ವಾರ: ಪಾಠಕ್ಕೆ ಮುಂಚೆ ಪುರಾವೆ

ಸಮಾಜ ವಿಜ್ಞಾನ ಎಂಥ ವಿಷಯ ಎಂಬುದನ್ನು ಮಕ್ಕಳು ಶಾಲೆ ಆರಂಭವಾದ ಮೊದಲ ವಾರದಲ್ಲೇ ತೀರ್ಮಾನಿಸಿಬಿಡುತ್ತಾರೆ. ಪುಸ್ತಕ ಹಂಚಿ, ಪರಿವಿಡಿ ಓದಿಸಿ, ಯಾವ ಪಾಠಕ್ಕೆ ಎಷ್ಟು ಅಂಕ ಎಂದು ಹೇಳಿದರೆ, ಇದು ಇಸವಿಗಳನ್ನೂ ರಾಜಧಾನಿಗಳನ್ನೂ ಬಾಯಿಪಾಠ ಮಾಡುವ ವಿಷಯ ಎಂದು ಅವರಿಗೆ ಖಚಿತವಾಗುತ್ತದೆ. ಅದೇ ವಾರದಲ್ಲಿ ತಾವೇ ಏನನ್ನಾದರೂ ಪತ್ತೆ ಹಚ್ಚಿದರೆ, ಮುಂದಿನ ಪಾಠಗಳನ್ನು ಅವರು ಓದುವ ರೀತಿಯೇ ಬೇರೆಯಾಗುತ್ತದೆ. ಆದ್ದರಿಂದ ಮೊದಲ ನಾಲ್ಕೈದು ಪೀರಿಯಡ್‌ಗಳನ್ನು ಪಠ್ಯಪುಸ್ತಕ ತೆರೆಯದೆ ನಡೆಸಿ ಎಂಬುದು ನನ್ನ ಆಗ್ರಹ. ಪಾಠಗಳು ಹಿಂದೆ ಬೀಳುತ್ತವೆ ಎಂಬ ಭಯ ಬೇಡ. ಏಕೆ, ಹೇಗೆ ಎಂದು ಕೇಳಲು ಕಲಿತ ತರಗತಿಯಲ್ಲಿ ಪಾಠ ತಾನಾಗಿ ವೇಗ ಪಡೆಯುತ್ತದೆ.

ಮೊದಲ ಪೀರಿಯಡ್: ಒಂದೇ ಘಟನೆ, ಹಲವು ಬರಹ

ಅಂದು ಬೆಳಿಗ್ಗೆ ಎಲ್ಲರೂ ಕಂಡ ಒಂದು ಸಣ್ಣ ಘಟನೆಯನ್ನು ಆರಿಸಿ. ಪ್ರಾರ್ಥನೆಯ ಹೊತ್ತು ಆಗಬಹುದು, ಗಂಟೆ ಬಾರಿಸಿದ ನಂತರದ ಐದು ನಿಮಿಷ ಆಗಬಹುದು. ಏನು ನಡೆಯಿತು ಎಂದು ಪ್ರತಿಯೊಬ್ಬರೂ ಪಕ್ಕದವರನ್ನು ಕೇಳದೆ ಏಳೆಂಟು ಸಾಲು ಬರೆಯಲಿ. ಬಳಿಕ ನಾಲ್ಕು ಬರಹಗಳನ್ನು ಗಟ್ಟಿಯಾಗಿ ಓದಿಸಿ, ಅವು ಒಂದಕ್ಕೊಂದು ಹೊಂದದ ಜಾಗಗಳನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತಾ ಹೋಗಿ.

ಮೊದಲು ಮಕ್ಕಳು ‘ಅವನು ತಪ್ಪು ಬರೆದಿದ್ದಾನೆ’ ಎನ್ನುತ್ತಾರೆ. ಅಲ್ಲಿ ತಡೆಯಿರಿ. ಹಿಂದಿನ ಸಾಲಿನಲ್ಲಿ ನಿಂತವನಿಗೆ ಏನು ಕಂಡಿತು, ತಡವಾಗಿ ಬಂದವಳಿಗೆ ಏನು ತಪ್ಪಿಹೋಯಿತು, ಯಾವುದನ್ನು ಬರೆಯಬೇಕಾಗಿಲ್ಲ ಎಂದು ಎಲ್ಲರೂ ಬಿಟ್ಟರು ಎಂದು ಕೇಳಿ. ಯಾರೂ ಸುಳ್ಳು ಹೇಳಿಲ್ಲ, ಆದರೂ ನಾಲ್ಕು ಬರಹಗಳೂ ಬೇರೆ ಬೇರೆ. ನೂರು ವರ್ಷಗಳ ನಂತರ ಇವುಗಳಲ್ಲಿ ಒಂದೇ ಒಂದು ಉಳಿದಿದ್ದರೆ ಓದುವವರು ಏನೆಂದುಕೊಳ್ಳುತ್ತಾರೆ? ಈ ಪ್ರಶ್ನೆಗೆ ಐದು ನಿಮಿಷ ಬಿಡಿ. ಆಕರಗಳನ್ನು ತಾಳೆ ನೋಡುವುದು ಏಕೆ ಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ವ್ಯಾಖ್ಯೆಯೂ ಕಲಿಸದು. ಒಂದು ಎಚ್ಚರಿಕೆ: ಯಾರದಾದರೂ ಜಗಳವನ್ನೋ ಶಿಕ್ಷೆಯನ್ನೋ ಈ ಘಟನೆಯಾಗಿ ಆರಿಸಬೇಡಿ. ಹಾಗೆ ಮಾಡಿದರೆ ತರಗತಿ ನ್ಯಾಯಾಲಯವಾಗಿಬಿಡುತ್ತದೆ.

ಎರಡನೆಯ ಪೀರಿಯಡ್: ಭೂಪಟವನ್ನು ಪ್ರಶ್ನಿಸುವುದು

ಗೋಡೆಯ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಆಫ್ರಿಕಾ ಎರಡನ್ನೂ ತೋರಿಸಿ, ಯಾವುದು ದೊಡ್ಡದು ಎಂದು ಕೈ ಎತ್ತಿಸಿ. ಅದು ಮರ್ಕೇಟರ್ ಮಾದರಿಯ ನಕ್ಷೆಯಾಗಿದ್ದರೆ ಎರಡೂ ಹೆಚ್ಚು ಕಡಿಮೆ ಸಮವಾಗಿ ಕಾಣುತ್ತವೆ. ಈಗ ಗ್ಲೋಬಿನ ಮೇಲೆ ತೆಳು ಕಾಗದವಿಟ್ಟು ಗ್ರೀನ್‌ಲ್ಯಾಂಡಿನ ಆಕಾರ ತೆಗೆದು ಕತ್ತರಿಸಿ, ಅದನ್ನು ಅದೇ ಗ್ಲೋಬಿನ ಆಫ್ರಿಕಾದ ಮೇಲೆ ಇಡಲು ಒಬ್ಬರನ್ನು ಕರೆಯಿರಿ. ಆಫ್ರಿಕಾದ ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರ್, ಗ್ರೀನ್‌ಲ್ಯಾಂಡಿನದು ಸುಮಾರು 21 ಲಕ್ಷ. ಅಂದರೆ ಹದಿನಾಲ್ಕು ಪಟ್ಟು ವ್ಯತ್ಯಾಸ. ಅಂಕಿಗಳನ್ನು ಕಾಗದ ಇಟ್ಟ ಮೇಲೆ ಹೇಳಿ, ಮುಂಚೆ ಬೇಡ.

‘ಹಾಗಾದರೆ ಈ ನಕ್ಷೆ ತಪ್ಪೇ?’ ಎಂದು ಯಾರಾದರೂ ಕೇಳುತ್ತಾರೆ. ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ಈ ನಕ್ಷೆಯನ್ನು ಮಾಡಿದ್ದು ನಾವಿಕರಿಗಾಗಿ. ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗುವ ಹಡಗಿನ ದಾರಿ ಅದರಲ್ಲಿ ನೇರ ಗೆರೆಯಾಗಿ ಬೀಳುತ್ತದೆ. ಆ ಅನುಕೂಲಕ್ಕಾಗಿ ಧ್ರುವಗಳ ಕಡೆಯ ನೆಲ ಹಿಗ್ಗಿತು. 1154ರಲ್ಲಿ ಸಿದ್ಧವಾದ, ಅರಬ್ ಭೂಗೋಳಜ್ಞ ಅಲ್ ಇದ್ರಿಸಿಯ ಜಗತ್ತಿನ ನಕ್ಷೆಯಲ್ಲಂತೂ ದಕ್ಷಿಣ ಮೇಲಿದೆ. ಅದರ ಚಿತ್ರ ಸಿಕ್ಕರೆ ತೋರಿಸಿ. ಸಿಗದಿದ್ದರೆ ಗೋಡೆಯ ನಕ್ಷೆಯನ್ನೇ ತಲೆಕೆಳಗಾಗಿ ತೂಗುಹಾಕಿ, ಪೀರಿಯಡ್ ಮುಗಿಯುವವರೆಗೆ ಹಾಗೆಯೇ ಬಿಡಿ. ಈ ನಕ್ಷೆ ಯಾರಿಗಾಗಿ, ಯಾವ ಕೆಲಸಕ್ಕಾಗಿ ಎಂಬ ಪ್ರಶ್ನೆ ಆ ದಿನವೇ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಬರಲಿ.

ಇಸವಿಗಳಿಗೆ ಹೆದರುವವರಿಗಾಗಿ

ಇದಕ್ಕೆ ಅರ್ಧ ಪೀರಿಯಡ್ ಸಾಕು. 1582ರ ಅಕ್ಟೋಬರ್ ತಿಂಗಳ ಕ್ಯಾಲೆಂಡರನ್ನು ಹಲಗೆಯ ಮೇಲೆ ಬರೆಯಿರಿ: 4 ಗುರುವಾರ, 15 ಶುಕ್ರವಾರ. ಏನೂ ಹೇಳದೆ ಕಾಯಿರಿ. ಹತ್ತು ದಿನಗಳು ಎಲ್ಲಿ ಹೋದವು? ಹಳೆಯ ಜೂಲಿಯನ್ ಕ್ಯಾಲೆಂಡರಿನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು ಹನ್ನೊಂದು ನಿಮಿಷ ಉದ್ದವಾಗಿತ್ತು. ಶತಮಾನಗಳಲ್ಲಿ ಆ ನಿಮಿಷಗಳು ಕೂಡಿ ದಿನಗಳಾದವು. ಪೋಪ್ ಹದಿಮೂರನೆಯ ಗ್ರೆಗೊರಿ ಅದನ್ನು ಸರಿಪಡಿಸಿದಾಗ ಇಟಲಿ, ಸ್ಪೇನ್, ಪೋರ್ಚುಗಲ್‌ಗಳು ಹತ್ತು ದಿನ ಹಾರಿದವು. ಬ್ರಿಟನ್ ಬದಲಾದದ್ದು 1752ರಲ್ಲಿ, ರಷ್ಯಾ 1918ರಲ್ಲಿ. ರಷ್ಯಾದ ಅಕ್ಟೋಬರ್ ಕ್ರಾಂತಿ ಇಂದಿನ ಲೆಕ್ಕದಲ್ಲಿ ನವೆಂಬರಿನಲ್ಲಿ ಬೀಳುವುದು ಇದರಿಂದಲೇ. ದಿನಾಂಕವೂ ಮನುಷ್ಯರು ಕೂತು ಒಪ್ಪಿಕೊಂಡ ಒಂದು ಏರ್ಪಾಡು ಎಂದು ತಿಳಿದಾಗ ಇಸವಿಯ ಮೇಲಿನ ಭಯ ಎಷ್ಟೋ ಇಳಿಯುತ್ತದೆ.

ಮೂರು, ನಾಲ್ಕನೆಯ ಪೀರಿಯಡ್: ಒಂದು ಪತ್ತೇದಾರಿ

ಈ ವಾರದಲ್ಲಿ ಒಂದೇ ಚಟುವಟಿಕೆಗೆ ಸಮಯವಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಇತಿಹಾಸ, ಭೂಗೋಳ, ಪೌರನೀತಿ ಮೂರೂ ಇದರಲ್ಲಿ ಒಟ್ಟಿಗೆ ಬರುತ್ತವೆ.

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೊ ಪ್ರದೇಶದಲ್ಲಿ ಕಾಲರಾ ಎದ್ದಿತು. ಕೆಲವೇ ವಾರಗಳಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ವಾಸನೆಯ ಗಾಳಿಯಿಂದ ರೋಗ ಬರುತ್ತದೆ ಎಂಬುದು ಆಗಿನ ಬಹುತೇಕ ವೈದ್ಯರ ನಂಬಿಕೆ. ಇಷ್ಟನ್ನು ಮಾತ್ರ ಹೇಳಿ. ನಂತರ ಬೀದಿಗಳು, ನೀರಿನ ಪಂಪುಗಳು ಮತ್ತು ಸಾವುಗಳನ್ನು ಸೂಚಿಸುವ ಚುಕ್ಕೆಗಳಿರುವ ಸರಳ ನಕ್ಷೆಯನ್ನು ಬರೆದು ಪ್ರತಿ ಗುಂಪಿಗೆ ಕೊಡಿ. ನಾಲ್ಕೈದು ಮಕ್ಕಳ ಗುಂಪು ಸಾಕು. ಅದಕ್ಕಿಂತ ದೊಡ್ಡದಾದರೆ ಇಬ್ಬರು ಕೆಲಸ ಮಾಡುತ್ತಾರೆ, ಉಳಿದವರು ನೋಡುತ್ತಾರೆ.

ಚುಕ್ಕೆಗಳು ಬ್ರಾಡ್ ಸ್ಟ್ರೀಟ್‌ನ ಪಂಪಿನ ಸುತ್ತ ದಟ್ಟವಾಗಿರುವುದನ್ನು ಮಕ್ಕಳು ಬೇಗ ಗುರುತಿಸುತ್ತಾರೆ. ಆಗ ಅವರ ಊಹೆಯನ್ನು ಒಪ್ಪಿಕೊಳ್ಳದೆ ಎರಡು ಸುಳಿವಿನ ಚೀಟಿಗಳನ್ನು ಕೊಡಿ. ಮೊದಲನೆಯದು: ಪಂಪಿನ ಹತ್ತಿರವೇ ಇದ್ದ ಬಡವರ ಆಶ್ರಯಗೃಹದಲ್ಲಿ 535 ಜನರಿದ್ದರು, ಕಾಲರಾದಿಂದ ಸತ್ತವರು ಐವರು ಮಾತ್ರ. ಎರಡನೆಯದು: ಬಹು ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಕಾಲರಾದಿಂದ ಸತ್ತಳು, ಅವಳ ನೆರೆಯಲ್ಲಿ ರೋಗವೇ ಇರಲಿಲ್ಲ. ಊಹೆ ಅಲುಗಾಡುತ್ತದೆ. ಗುಂಪುಗಳು ವಾದಿಸಲಿ. ‘ನಿಮಗೆ ಇನ್ನೇನು ತಿಳಿಯಬೇಕು?’ ಎಂದು ಕೇಳಿ, ಅವರು ಸರಿಯಾದ ಪ್ರಶ್ನೆ ಕೇಳಿದಾಗ ಮಾತ್ರ ಉತ್ತರಿಸಿ: ಆಶ್ರಯಗೃಹಕ್ಕೆ ಸ್ವಂತ ಬಾವಿಯಿತ್ತು. ಆ ವಿಧವೆಗೆ ಬ್ರಾಡ್ ಸ್ಟ್ರೀಟ್ ನೀರಿನ ರುಚಿ ಇಷ್ಟವಾದ್ದರಿಂದ ಅಲ್ಲಿಂದಲೇ ನೀರು ತರಿಸುತ್ತಿದ್ದಳು.

ವೈದ್ಯ ಜಾನ್ ಸ್ನೋ ಬಾಗಿಲು ಬಾಗಿಲಿಗೆ ಹೋಗಿ ಕಲೆಹಾಕಿದ ಪುರಾವೆಗಳಿವು. ಅವನ ಮಾತಿನ ಮೇಲೆ ಸ್ಥಳೀಯ ಆಡಳಿತ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಿತು. ಅಷ್ಟರಲ್ಲಿ ರೋಗ ಇಳಿಮುಖವಾಗಿತ್ತು ಎಂಬುದನ್ನು ಸ್ನೋ ತಾನೇ ಬರೆದಿದ್ದಾನೆ. ಅದನ್ನೂ ಮಕ್ಕಳಿಗೆ ಹೇಳಿ. ವೀರಗಾಥೆ ಸ್ವಲ್ಪ ಮಸುಕಾಗುತ್ತದೆ ನಿಜ, ಆದರೆ ಪುರಾವೆಗೆ ನಿಷ್ಠರಾಗಿರುವುದು ಹೇಗೆ ಎಂದು ಅವರು ಕಣ್ಣಾರೆ ಕಾಣುತ್ತಾರೆ. ಕೊನೆಗೆ ಪೌರನೀತಿಯ ಪ್ರಶ್ನೆ: ಶುದ್ಧ ನೀರಿಗೆ ಹೊಣೆ ಯಾರು? ಪೂರ್ತಿ ಖಚಿತವಾಗುವ ಮೊದಲೇ ಆಡಳಿತ ಕ್ರಮ ಕೈಗೊಳ್ಳಬಹುದೇ?

ನಿಯಮಗಳು ಕೊನೆಗೆ

ತರಗತಿಯ ನಿಯಮಗಳನ್ನು ಮೊದಲ ದಿನ ಓದಿ ಹೇಳುವ ಬದಲು ವಾರದ ಕೊನೆಯಲ್ಲಿ ಮಕ್ಕಳಿಂದಲೇ ಬರೆಸಿ. ನಿಯಮ ಮಾಡುವವರು ಯಾರು, ಬದಲಿಸುವುದು ಹೇಗೆ, ಒಪ್ಪದವರ ಮಾತಿಗೆ ಜಾಗವೆಲ್ಲಿ ಎಂಬುದನ್ನೂ ಅವರೇ ನಿರ್ಧರಿಸಲಿ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಕ್ಕಳಿಗೆ ಕೊಡುತ್ತದೆ. ಅದನ್ನು ಓದಿ ಹೇಳಲು ಇದೇ ಸರಿಯಾದ ಹೊತ್ತು.

ಮಾತನಾಡದ ಮಕ್ಕಳು

ಪ್ರಶ್ನೆ ಕೇಳಿದ ಕೂಡಲೇ ಕೈ ಎತ್ತುವವರು ಯಾವಾಗಲೂ ಅದೇ ಆರೇಳು ಮಂದಿ. ಆದ್ದರಿಂದ ಪ್ರತಿ ಚರ್ಚೆಗೆ ಮುಂಚೆ ಎರಡು ನಿಮಿಷ ಎಲ್ಲರೂ ಬರೆಯಲಿ, ಆಮೇಲೆ ಪಕ್ಕದವರೊಂದಿಗೆ ಮಾತನಾಡಲಿ, ತರಗತಿಯ ಮುಂದೆ ಹೇಳುವುದು ಅದರ ನಂತರ. ಬರೆದದ್ದನ್ನು ಓದುವುದು ಸಂಕೋಚದ ಮಗುವಿಗೂ ಸಾಧ್ಯ.

ಮೊದಲ ವಾರದಲ್ಲೇ ವಂಶವೃಕ್ಷ ಬರೆದು ತರಲು ಹೇಳುವುದು ಬಹಳ ಕಡೆ ರೂಢಿ. ದಯವಿಟ್ಟು ಬಿಡಿ. ತಂದೆ ತಾಯಿಯನ್ನು ಕಳೆದುಕೊಂಡ ಮಗು, ಬೇರೆಯವರ ಆಸರೆಯಲ್ಲಿ ಬೆಳೆಯುವ ಮಗು ತರಗತಿಯಲ್ಲಿ ಇರಬಹುದು, ನಿಮಗಿನ್ನೂ ಅವರ ಪರಿಚಯವೂ ಆಗಿರುವುದಿಲ್ಲ. ತನಗೆ ಗೊತ್ತಿರುವ ಯಾರಾದರೂ ಹಿರಿಯರನ್ನು ಮೂರು ಪ್ರಶ್ನೆ ಕೇಳಿ ಬರಲಿ ಎಂದರೆ ಅದೇ ಕಲಿಕೆ ಯಾರನ್ನೂ ನೋಯಿಸದೆ ಆಗುತ್ತದೆ.

ವಾರ ಮುಗಿದ ಮೇಲೆ

ನಾಲ್ಕೂ ಪೀರಿಯಡ್‌ಗಳಲ್ಲಿ ಮಕ್ಕಳು ಕೇಳಿದ, ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ದೊಡ್ಡ ಹಾಳೆಯಲ್ಲಿ ಕೇಳಿದವರ ಹೆಸರಿನೊಂದಿಗೆ ಬರೆದು ಗೋಡೆಗೆ ಅಂಟಿಸಿ. ಈಗ ಪಠ್ಯಪುಸ್ತಕ ತೆಗೆಯಿರಿ. ಯಾವ ಪ್ರಶ್ನೆಗೆ ಯಾವ ಪಾಠದಲ್ಲಿ ಉತ್ತರ ಸಿಗಬಹುದು ಎಂದು ಮಕ್ಕಳೇ ಪರಿವಿಡಿಯಲ್ಲಿ ಹುಡುಕಿ, ಪಾಠದ ಸಂಖ್ಯೆಯನ್ನು ಪ್ರಶ್ನೆಯ ಎದುರು ಬರೆಯಲಿ. ಆ ಪಾಠ ಬಂದ ದಿನ ಪ್ರಶ್ನೆ ಕೇಳಿದ ಮಗುವೇ ಅದನ್ನು ಮತ್ತೆ ಕೇಳಿ ಪಾಠ ಆರಂಭಿಸಲಿ. ಯಾವ ಪಾಠಕ್ಕೂ ಹೊಂದದೆ ಉಳಿದ ಪ್ರಶ್ನೆಗಳಿಗೆ ತಿಂಗಳಿಗೊಂದು ಪೀರಿಯಡ್ ಮೀಸಲಿಡಿ.