ಅಪ್‌ಡೇಟ್ ಆದ ಮೇಲೆ ಒತ್ತಕ್ಷರ ಕಳಚಿಕೊಂಡರೆ

ತುಮಕೂರಿನಲ್ಲಿ ಮದುವೆ ಆಲ್ಬಂ ಮಾಡುವ ನಾನು ಫೋಟೊ ಎಡಿಟಿಂಗ್ ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡುವುದು ಆಷಾಢದಲ್ಲಿ. ಲಗ್ನಗಳಿರುವುದಿಲ್ಲ, ಏನಾದರೂ ಕೆಟ್ಟರೆ ಸರಿಮಾಡಿಕೊಳ್ಳಲು ನಾಲ್ಕು ದಿನ ಸಿಗುತ್ತದೆ. ತಾನಾಗಿಯೇ ಅಪ್‌ಡೇಟ್ ಆಗುವ ಆಯ್ಕೆ ವರ್ಷಪೂರ್ತಿ ಆಫ್ ಇರುತ್ತದೆ.

ಅಪ್‌ಡೇಟ್ ಒತ್ತುವ ಮೊದಲು ಸೆಟ್ಟಿಂಗ್ಸ್ ಫೋಲ್ಡರ್, ಬ್ರಷ್, ಆಕ್ಷನ್ (ಉಳಿಸಿಟ್ಟ ಕೆಲಸದ ಹಂತಗಳು), ಕ್ಯಾಟಲಾಗ್ (ಫೋಟೊಗಳ ಪಟ್ಟಿ ಮತ್ತು ಮಾಡಿದ ತಿದ್ದುಪಡಿಗಳಿರುವ ಫೈಲ್) ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳುತ್ತೇನೆ. ಕ್ಯಾಟಲಾಗ್ ವಿಷಯದಲ್ಲಂತೂ ಇದನ್ನು ತಪ್ಪಿಸಲೇಬಾರದು: ಹೊಸ ಆವೃತ್ತಿಗೆ ಬದಲಾದ ಕ್ಯಾಟಲಾಗ್ ಹಳೆಯದರಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಹಳೆಯ ಆವೃತ್ತಿಯನ್ನು ತೆಗೆಯದೆ ಪಕ್ಕದಲ್ಲೇ ಉಳಿಸಿಕೊಳ್ಳಲು ಅವಕಾಶವಿದ್ದರೆ ಉಳಿಸಿಕೊಳ್ಳಿ.

ಪರೀಕ್ಷೆಗೆಂದೇ ಆಲ್ಬಂನ ಒಂದು ಶೀಟ್ ಇಟ್ಟುಕೊಂಡಿದ್ದೇನೆ. 12×36 ಇಂಚು, 300 ಡಿಪಿಐ, ಅಂದರೆ 3600×10800 ಪಿಕ್ಸೆಲ್. 8 ಬಿಟ್‌ನಲ್ಲಿ ಒಂದೇ ಲೇಯರ್ (ಚಿತ್ರದ ಒಂದು ಪದರ) ಸುಮಾರು 117 ಎಂಬಿ ಮೆಮೊರಿ ತಿನ್ನುತ್ತದೆ. ಮೊಬೈಲ್ ಫೋಟೊ ತೆರೆದು ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳಬಾರದು. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲದೆ ಬರುವ ತೊಂದರೆ ದೊಡ್ಡ ಫೈಲಿನಲ್ಲಿ ಮಾತ್ರ ತಲೆ ಎತ್ತುತ್ತದೆ.

ಏನೋ ಕೆಟ್ಟಿದೆ ಅನ್ನಿಸಿದಾಗ ನಾನು ಮೊದಲು ನೋಡುವುದು, ದೋಷ ಪರದೆಯಲ್ಲಿದೆಯೋ ಫೈಲಿನಲ್ಲಿದೆಯೋ ಎಂಬುದನ್ನು. ಶೀಟನ್ನು ಜೆಪೆಗ್ ಮಾಡಿ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತೇನೆ. ನನ್ನ ಪರದೆಯಲ್ಲಿ ಕಪ್ಪು ಚೌಕಗಳು ಕಂಡಿವೆ ಅನ್ನಿ; ಅಲ್ಲಿ ಅವು ಕಾಣದಿದ್ದರೆ ಚಿತ್ರಕ್ಕೆ ಏನೂ ಆಗಿಲ್ಲ, ತೋರಿಸುವ ಕಡೆ ತಪ್ಪಿದೆ. ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಬಳಕೆ ಆಫ್ ಮಾಡಿ, ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆಯಿರಿ. ಚೌಕಗಳು ಹೋದರೆ ಮೊದಲ ಅನುಮಾನ ಡ್ರೈವರ್ (ಕಾರ್ಡನ್ನು ನಡೆಸುವ ಪ್ರೋಗ್ರಾಂ) ಮೇಲೆ. ಕಾರ್ಡ್ ತಯಾರಕರ ಪುಟದಿಂದಲೇ ಡ್ರೈವರ್ ತಂದು ಹೊಸದಾಗಿ ಹಾಕಿ. ಡ್ರೈವರನ್ನೇ ಈಚೆಗೆ ಬದಲಿಸಿದ್ದರೆ, ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್’ ಒತ್ತಿ ಹಿಂದಿನದಕ್ಕೆ ಹೋಗಿ.

ಡೀನಾಯ್ಸ್‌ನಂಥ (ಫೋಟೊದ ಕಾಳುಕಾಳನ್ನು ತೆಗೆಯುವ) ಫಿಲ್ಟರ್‌ಗಳು ಮಾತ್ರ ಬೇರೆ. ಲೆಕ್ಕವೇ ಕಾರ್ಡಿನಲ್ಲಿ ನಡೆಯುವುದರಿಂದ ತಪ್ಪು ಫೈಲಿಗೂ ಇಳಿಯುತ್ತದೆ. ಅನುಮಾನ ಬಂದರೆ ಅದೇ ಫೋಟೊವನ್ನು ಹಳೆಯ ಆವೃತ್ತಿಯಲ್ಲೊಮ್ಮೆ, ಹೊಸದರಲ್ಲೊಮ್ಮೆ ಎಕ್ಸ್‌ಪೋರ್ಟ್ ಮಾಡಿ, ಒಂದರ ಮೇಲೊಂದಿಟ್ಟು ಮೇಲಿನ ಲೇಯರನ್ನು ‘ಡಿಫರೆನ್ಸ್’ ಮೋಡ್‌ಗೆ ಹಾಕುತ್ತೇನೆ. ಪೂರ್ತಿ ಕಪ್ಪಾದರೆ ಎರಡೂ ಒಂದೇ. ಆದರೆ ಕಪ್ಪಾಗಿ ಕಂಡರೂ ಕಣ್ಣಿಗೆ ಕಾಣದ ವ್ಯತ್ಯಾಸ ಉಳಿದಿರಬಹುದು, ಮೇಲೊಂದು ಲೆವೆಲ್ಸ್ ಹಾಕಿ ಬಿಳಿಯ ತುದಿಯನ್ನು ಎಡಕ್ಕೆ ಎಳೆಯಿರಿ. ಎಲ್ಲೆಡೆ ಸಮನಾಗಿ ಮರಳಿನಂತೆ ಕಂಡರೆ ಚಿಂತೆಯಿಲ್ಲ. ಚೌಕಾಕಾರದ ಅಂಚು ಕಂಡರೆ ಆ ಫಿಲ್ಟರನ್ನು ಸದ್ಯಕ್ಕೆ ಮುಟ್ಟಬೇಡಿ.

ಧಾರೆ ಸೀರೆಯ ಕೆಂಪು ಪ್ರಿಂಟಿನಲ್ಲಿ ಮಂಕಾಗಿ ಬಂದರೆ ಎಕ್ಸ್‌ಪೋರ್ಟ್‌ನ ಕಲರ್ ಸ್ಪೇಸ್ (ಬಣ್ಣದ ಸಂಖ್ಯೆಗಳನ್ನು ಓದುವ ಅಳತೆ) ನೋಡಿ. ಅಪ್‌ಡೇಟ್‌ನಲ್ಲಿ ನನ್ನ ಸೆಟ್ಟಿಂಗ್ಸ್ ಅಳಿಸಿ ಅಡೋಬಿ ಆರ್‌ಜಿಬಿಗೆ ಹೋಗಿದ್ದು, ಪ್ರಿಂಟ್ ಹಾಕುವ ಲ್ಯಾಬ್ ಅದನ್ನು ಎಸ್‌ಆರ್‌ಜಿಬಿ ಎಂದು ಓದಿಕೊಂಡರೆ ಹೀಗಾಗುತ್ತದೆ.

ನಮ್ಮ ಕಡೆ ಹೆಚ್ಚು ಹೊಡೆತ ಬೀಳುವುದು ಕನ್ನಡ ಅಕ್ಷರಕ್ಕೆ. ಶೀಟಿನ ಮೇಲೆ ‘ಚಿಕ್ಕನಾಯಕನಹಳ್ಳಿ’ ಎಂದಿದ್ದದ್ದು ‘ಚಿಕ್‌ಕನಾಯಕನಹಳ್‌ಳಿ’ ಎಂದು ಬಿಚ್ಚಿಕೊಂಡು ಕೂರುತ್ತದೆ. ಕಾರಣ, ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಂಕೇತ ವ್ಯವಸ್ಥೆ) ಒತ್ತು ಬೇರೆ ಅಕ್ಷರವಾಗಿ ಇರುವುದಿಲ್ಲ; ಕ, ವಿರಾಮ (ಅರ್ಧಾಕ್ಷರದ ಚಿಹ್ನೆ), ಮತ್ತೊಂದು ಕ ಎಂದು ಸಾಲಾಗಿ ಇರುತ್ತದೆ. ಅವನ್ನು ಕೂಡಿಸಿ ‘ಕ್ಕ’ ಮಾಡುವುದು ಟೆಕ್ಸ್ಟ್ ಎಂಜಿನ್. ಅಪ್‌ಡೇಟ್ ಆದಾಗ ಸಾಫ್ಟ್‌ವೇರ್ ಇಂಗ್ಲಿಷ್‌ಗೆ ಸಾಕಾಗುವ ಎಂಜಿನ್‌ಗೆ ಮರಳಿದ್ದರೆ ಕೂಡಿಸುವವರೇ ಇಲ್ಲದಂತಾಗುತ್ತದೆ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಎಂಜಿನ್ ಆರಿಸುವ ಅವಕಾಶ ನಿಮ್ಮ ಆವೃತ್ತಿಯಲ್ಲಿದ್ದರೆ ಅದನ್ನು ಆರಿಸಿ, ಮುಚ್ಚಿ ತೆರೆಯಿರಿ. ಅಷ್ಟಾದರೂ ಹಳೆಯ ಲೇಯರ್‌ಗಳು ತಮ್ಮ ಸೆಟ್ಟಿಂಗನ್ನೇ ಹಿಡಿದುಕೊಂಡಿರಬಹುದು. ಅವನ್ನು ಆರಿಸಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ಕಂಪೋಸರ್ (ಅಕ್ಷರ ಜೋಡಿಸುವ ವಿಧಾನ) ಬದಲಿಸಬೇಕು.

ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದಿದ್ದರೆ ಅದು ಬೇರೆಯೇ ತೊಂದರೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಸಾಲು ಅದು. ಫಾಂಟ್ ಕಾಣೆಯಾಗಿದೆ, ಅದೇ ಫಾಂಟನ್ನು ಮತ್ತೆ ಹಾಕಿದರೆ ಸಾಕು.

ನನ್ನ ಪರೀಕ್ಷಾ ಶೀಟಿನಲ್ಲಿ ಒಂದು ಸಾಲು ಕಾಯಂ: ‘ಚಿಕ್ಕನಾಯಕನಹಳ್ಳಿ, ಲಕ್ಷ್ಮೀ, ಸೂರ್ಯ, ಕೊರಟಗೆರೆ’. ದ್ವಿತ್ವ, ಮೂರು ವ್ಯಂಜನದ ಒತ್ತು, ಅರ್ಕಾವತ್ತು, ಒತ್ವ ನಾಲ್ಕೂ ಇದರಲ್ಲಿ ಬಂದುಬಿಡುತ್ತವೆ. ಹಳೆಯ ಪಿಎಸ್‌ಡಿ (ಲೇಯರ್‌ಗಳು ಉಳಿದಿರುವ ಮೂಲ ಫೈಲ್) ತೆರೆದಾಗ ‘ಟೆಕ್ಸ್ಟ್ ಲೇಯರ್ ಅಪ್‌ಡೇಟ್ ಮಾಡಲೇ’ ಎಂದು ಕೇಳಿದರೆ ಮೊದಲು ಬೇಡ ಅನ್ನಿ, ಫೈಲಿನ ಕಾಪಿಯಲ್ಲಿ ಒತ್ತಿ ನೋಡಿ. ಸಾಲು ಮುರಿಯುವ ಜಾಗ ಬದಲಾಗಿ ವಧುವಿನ ಹೆಸರಿನ ಕೊನೆಯ ಅಕ್ಷರ ಫ್ರೇಮಿನಾಚೆ ಹೋಗಿರುತ್ತದೆ. ಅದಕ್ಕೇ ಪ್ರತಿ ಪಿಎಸ್‌ಡಿ ಪಕ್ಕದಲ್ಲಿ, ಮುಗಿದ ದಿನವೇ ಮಾಡಿದ ಜೆಪೆಗ್ ಒಂದನ್ನು ಅದೇ ಹೆಸರಿನಲ್ಲಿ ಇಡುತ್ತೇನೆ. ಮರುಪ್ರಿಂಟ್ ಕೇಳಿದವರಿಗೆ ಕಳಿಸುವ ಮೊದಲು ಎರಡನ್ನೂ ಅಕ್ಕಪಕ್ಕ ಇಟ್ಟು ಹೆಸರುಗಳನ್ನು ಗಟ್ಟಿಯಾಗಿ ಓದಿ ನೋಡುತ್ತೇನೆ.